ಬದಲಾಗದ ಗ್ಲೋಬಲ್ ಅರೇಯನ್ನು ರನ್‌ಟೈಮಿನಲ್ಲಿ ತುಂಬುವುದು: ಡಿ ಭಾಷೆಯ ಬಗ್ಗೆ ಪದೇ ಪದೇ ಕೇಳುವ ಪ್ರಶ್ನೆಗಳು

ಹುಬ್ಬಳ್ಳಿಯ ವಿದ್ಯಾನಗರದಲ್ಲಿ ಸಂಜೆ ಹೊತ್ತು ಕೆಲವು ವಿದ್ಯಾರ್ಥಿಗಳಿಗೆ ಡಿ ಎಂಬ ಪ್ರೋಗ್ರಾಮಿಂಗ್ ಭಾಷೆಯನ್ನು ಹೇಳಿಕೊಡುತ್ತೇನೆ. ತರಗತಿಯಲ್ಲಿ, ಧಾರವಾಡದ ಕಡೆ ಹೋಗುವ ಬಸ್ಸಿನಲ್ಲಿ, ಆಮೇಲೆ ಬರುವ ಪತ್ರಗಳಲ್ಲಿ ಒಂದೇ ವಿಷಯ ಮತ್ತೆ ಮತ್ತೆ ತಲೆ ಎತ್ತುತ್ತದೆ: ಇಡೀ ಪ್ರೋಗ್ರಾಮಿಗೆ ಬೇಕಾದ, ಒಮ್ಮೆ ತುಂಬಿದ ಮೇಲೆ ಬದಲಾಗಲೇಬಾರದ ಪಟ್ಟಿಯೊಂದನ್ನು ಎಲ್ಲಿ, ಯಾವಾಗ, ಹೇಗೆ ತುಂಬಬೇಕು? ಮನೆಗಳನ್ನು ಸಾಲಾಗಿ ಜೋಡಿಸಿದ ಇಂಥ ಪಟ್ಟಿಗೆ ಅರೇ ಎಂದೂ, ಇಡೀ ಪ್ರೋಗ್ರಾಮಿಗೆ ಕಾಣುವಂಥದ್ದಕ್ಕೆ ಗ್ಲೋಬಲ್ ಎಂದೂ, ಪ್ರೋಗ್ರಾಮ್ ನಡೆಯುವ ಹೊತ್ತಿಗೆ ರನ್‌ಟೈಮ್ ಎಂದೂ ಹೆಸರು. ಕೇಳಿದವರ ಮಾತನ್ನು ಆದಷ್ಟು ಹಾಗೆಯೇ ಉಳಿಸಿಕೊಂಡು ಉತ್ತರಗಳನ್ನು ಇಲ್ಲಿ ಕೂಡಿಸಿದ್ದೇನೆ. ಕೋಡಿನ ಪದಗಳನ್ನು ಓದಲು ಅನುಕೂಲವಾಗುವಂತೆ ಕನ್ನಡ ಲಿಪಿಯಲ್ಲಿ ಬರೆದಿದ್ದೇನೆ. ಟೈಪು ಮಾಡುವಾಗ ಅವುಗಳ ಮೂಲ ಅಕ್ಷರಗಳನ್ನೇ ಬಳಸಬೇಕು.

## ಮೊದಲು ತಿಳಿಯಬೇಕಾದದ್ದು

ಬದಲಾಗಬಾರದು ಅಂತೀರಿ, ಆಮ್ಯಾಲೆ ರನ್‌ಟೈಮಿನ್ಯಾಗ ತುಂಬ್ರಿ ಅಂತೀರಿ. ಎರಡೂ ಹೆಂಗ ಕೂಡ್ತಾವ್ರಿ?

ಬದಲಾಗದಿರುವಿಕೆ ಶುರುವಾಗುವುದು ತುಂಬುವ ಕೆಲಸ ಮುಗಿದ ಕ್ಷಣದಿಂದ. ಅದಕ್ಕೂ ಮುಂಚೆ ಆ ಅರೇಗೆ ಬೆಲೆಯೇ (ಒಳಗಿಟ್ಟ ಮಾಹಿತಿಯೇ) ಇರುವುದಿಲ್ಲವಾದ್ದರಿಂದ ಬದಲಾಯಿಸುವ ಮಾತೂ ಬರುವುದಿಲ್ಲ. ಡಿ ಭಾಷೆಯಲ್ಲಿ ಇಮ್ಯೂಟಬಲ್ (ಬದಲಾಗದ್ದು) ಎಂದು ಘೋಷಿಸಿದ ಗ್ಲೋಬಲ್‌ಗೆ ಘೋಷಣೆಯ ಸಾಲಿನಲ್ಲೇ ಬೆಲೆ ಕೊಡಬಹುದು, ಇಲ್ಲವೇ ಅದೇ ಮಾಡ್ಯೂಲಿನ (ಕೋಡಿನ ಒಂದು ಫೈಲಿನ) ಕನ್‌ಸ್ಟ್ರಕ್ಟರಿನಲ್ಲಿ, ಅಂದರೆ ಮಾಡ್ಯೂಲನ್ನು ಸಿದ್ಧಗೊಳಿಸುವ ಕೋಡಿನಲ್ಲಿ, ಕೊಡಬಹುದು. ಮಾಡ್ಯೂಲ್ ಕನ್‌ಸ್ಟ್ರಕ್ಟರ್ ನಡೆಯುವುದು ಮೇನ್ ಫಂಕ್ಷನ್ ಶುರುವಾಗುವುದಕ್ಕಿಂತ ಮುಂಚೆ. ಆದ್ದರಿಂದ ನಿಮ್ಮ ಪ್ರೋಗ್ರಾಮಿನ ಮುಖ್ಯ ಕೆಲಸ ಕಣ್ಣು ಬಿಡುವ ಹೊತ್ತಿಗೆ ಪಟ್ಟಿ ಸಿದ್ಧವಾಗಿ, ಗಟ್ಟಿಯಾಗಿ ಕುಳಿತಿರುತ್ತದೆ.

ಅರೇಯನ್ನು ಯಾರೂ ಮುಟ್ಟದಂತೆ ನಾವೇ ಜಾಗ್ರತೆ ವಹಿಸಿದರೆ ಸಾಲದೇ? ಕಂಪೈಲರಿನ (ಕೋಡನ್ನು ಯಂತ್ರದ ಭಾಷೆಗೆ ತಿರುಗಿಸುವ ಪ್ರೋಗ್ರಾಮಿನ) ಕಾವಲು ಏಕೆ ಬೇಕು?

ನಾನೂ ಬಹಳ ದಿನ ಹಾಗೆಯೇ ನಂಬಿದ್ದೆ. ಬ್ಯಾಡಗಿಯ ಒಂದು ಅಡತಿ ಅಂಗಡಿಗೆ ಮೆಣಸಿನಕಾಯಿ ಲೆಕ್ಕದ ಪ್ರೋಗ್ರಾಮ್ ಬರೆದುಕೊಟ್ಟಿದ್ದೆ. ಚೀಲವೊಂದಕ್ಕೆ ಇಷ್ಟು ಎಂದು ಹಮಾಲಿ ದರ. ಅರೇಯ ಮೊದಲ ಮನೆಯಲ್ಲಿ ಕಡ್ಡಿ ಎಂಬ ಬಗೆಯ ಮೆಣಸಿನಕಾಯಿಯ ದರ, ಎರಡನೆಯದರಲ್ಲಿ ಡಬ್ಬಿಯದು, ಮೂರನೆಯದರಲ್ಲಿ ಗುಂಟೂರಿನದು. ಬೆಳಿಗ್ಗೆ ಫೈಲಿನಿಂದ ಓದಿ ಗ್ಲೋಬಲ್ ಅರೇಗೆ ಹಾಕಿ, ದಿನವಿಡೀ ಅದನ್ನೇ ನೋಡಿ ಚೀಟಿ ಹರಿದುಕೊಡುವ ವ್ಯವಸ್ಥೆ. ಕೆಲವು ತಿಂಗಳ ನಂತರ ದರಗಳನ್ನು ಕಡಿಮೆಯಿಂದ ಹೆಚ್ಚಿಗೆ ಜೋಡಿಸಿ ತೋರಿಸುವ ಒಂದು ಪರದೆ ಬೇಕೆಂದರು. ಅದಕ್ಕಾಗಿ ನಾನು ಬರೆದ ಫಂಕ್ಷನ್ ನಕಲು ಮಾಡಿಕೊಳ್ಳದೆ ಗ್ಲೋಬಲ್ ಅರೇಯನ್ನೇ ನೇರವಾಗಿ ಸಾರ್ಟ್ ಮಾಡುತ್ತಿತ್ತು. ಮಧ್ಯಾಹ್ನ ಯಾರೋ ಆ ಪರದೆಯನ್ನು ಒಮ್ಮೆ ತೆರೆದರು. ಆ ಕ್ಷಣದಿಂದ ಕಡ್ಡಿಯ ಮನೆಯಲ್ಲಿ ಬೇರೊಂದರ ದರ ಕುಳಿತಿತು. ಪ್ರೋಗ್ರಾಮ್ ನಿಲ್ಲಲಿಲ್ಲ, ಎರರ್ ತೋರಿಸಲಿಲ್ಲ. ಸಂಜೆ ಹಮಾಲರ ಮುಖಂಡರು ಚೀಟಿಗಳನ್ನು ಒಂದರ ಪಕ್ಕ ಒಂದಿಟ್ಟು ಬೆರಳಿನಿಂದ ತೋರಿಸಿದಾಗಲೇ ನಮಗೆ ತಿಳಿದದ್ದು. ಬೆವರು ಸುರಿಸಿ ದುಡಿದವರ ಕೂಲಿಯ ಲೆಕ್ಕ ನನ್ನ ಒಂದು ಸಾಲಿನಿಂದ ಕೆಟ್ಟಿತ್ತು. ಅರೇ ಇಮ್ಯೂಟಬಲ್ ಆಗಿದ್ದಿದ್ದರೆ ಆ ಸಾರ್ಟ್ ಸಾಲು ಕಂಪೈಲ್ ಕೂಡ ಆಗುತ್ತಿರಲಿಲ್ಲ.

ಕಾನ್‌ಸ್ಟ್ ಮತ್ತ ಇಮ್ಯೂಟಬಲ್ ಎರಡೂ ಒಂದ ಅಲ್ಲೇನ್ರಿ?

ಅಲ್ಲ. ಕಾನ್‌ಸ್ಟ್ ಎಂದರೆ ‘ಈ ಹಿಡಿಕೆಯ ಮೂಲಕ ನಾನು ಬದಲಿಸುವುದಿಲ್ಲ’ ಎಂಬಷ್ಟೇ ಮಾತು. ಅದೇ ಮೆಮೊರಿಗೆ ಬೇರೊಂದು ಹಿಡಿಕೆ ಇದ್ದು ಅದರಿಂದ ಬದಲಾದರೂ ಆ ಮಾತು ತಪ್ಪಿದಂತಾಗುವುದಿಲ್ಲ. ಇಮ್ಯೂಟಬಲ್ ಎಂದರೆ ‘ಇದನ್ನು ಯಾರೂ, ಯಾವ ಹಾದಿಯಿಂದಲೂ ಬದಲಿಸುವುದಿಲ್ಲ’ ಎಂಬ ಪೂರ್ಣ ಖಾತ್ರಿ. ಫಂಕ್ಷನ್ನಿನ ಪ್ಯಾರಾಮೀಟರುಗಳಿಗೆ (ಕರೆಯುವಾಗ ಅದಕ್ಕೆ ಕೊಡುವ ಬೆಲೆಗಳಿಗೆ) ಕಾನ್‌ಸ್ಟ್ ಒಪ್ಪುತ್ತದೆ, ಏಕೆಂದರೆ ಬದಲಾಗುವ ಮತ್ತು ಬದಲಾಗದ ಎರಡೂ ಬಗೆಯ ಅರೇಗಳನ್ನು ಅದು ಸ್ವೀಕರಿಸುತ್ತದೆ. ಗ್ಲೋಬಲ್ ಪಟ್ಟಿಗೆ ಬೇಕಾದದ್ದು ಇಮ್ಯೂಟಬಲ್.

ಇಮ್ಯೂಟಬಲ್ ಪಕ್ಕದ ಕಂಸವನ್ನು ಎಲ್ಲಿ ಹಾಕಿದರೇನು, ಕಂಪೈಲ್ ಆಗುತ್ತದಲ್ಲ?

ಕಂಪೈಲ್ ಆಗುತ್ತದೆ, ಆದರೆ ಅರ್ಥ ಬೇರೆಯಾಗುತ್ತದೆ. ಡಿ ಭಾಷೆಯ ಡೈನಾಮಿಕ್ ಅರೇ ಎಂದರೆ ಒಂದು ಪಾಯಿಂಟರ್ (ಮನೆಗಳಿರುವ ಮೆಮೊರಿಯ ವಿಳಾಸ) ಮತ್ತು ಒಂದು ಉದ್ದ ಸೇರಿದ ಸ್ಲೈಸ್. ಕಂಸದೊಳಗೆ ಇಂಟ್ (ಪೂರ್ಣಾಂಕದ ಟೈಪ್) ಮಾತ್ರ ಇದ್ದು ಚೌಕ ಆವರಣ ಹೊರಗೆ ಉಳಿದರೆ ಮನೆಗಳೊಳಗಿನ ಬೆಲೆಗಳಿಗೆ ಮಾತ್ರ ಬೀಗ ಬೀಳುತ್ತದೆ. ಸ್ಲೈಸನ್ನು ಇನ್ನೊಂದು ಅರೇಯ ಕಡೆ ತಿರುಗಿಸಬಹುದು. ಕಂಸವಿಲ್ಲದೆ ಇಮ್ಯೂಟಬಲ್ ಇಂಟ್ ಅರೇ ಎಂದು ಬರೆದರೆ ಬೆಲೆಗಳಿಗೂ ಸ್ಲೈಸಿಗೂ ಬೀಗ. ಗ್ಲೋಬಲ್ ಪಟ್ಟಿಗೆ ಎರಡನೆಯದನ್ನೇ ಬಳಸಿ. ಮೊದಲನೆಯದು ಥ್ರೆಡ್ಡುಗಳ (ಒಂದೇ ಪ್ರೋಗ್ರಾಮಿನಲ್ಲಿ ಏಕಕಾಲಕ್ಕೆ ನಡೆಯುವ ಕೆಲಸದ ಎಳೆಗಳ) ವಿಷಯದಲ್ಲಿ ಒಂದು ದೊಡ್ಡ ಕುಣಿ ತೋಡುತ್ತದೆ. ಅದರ ವಿವರ ಮುಂದಿದೆ.

## ತುಂಬುವ ಬಗೆ

ಪ್ರೋಗ್ರಾಮ್ ಚಾಲೂ ಆದಮ್ಯಾಲೇ ತುಂಬಬೇಕೇನ್ರಿ? ಕಂಪೈಲ್ ಮಾಡುವಾಗ ಮುಗಿಸಾಕ ಬರಂಗಿಲ್ಲೇನು?

ಬರುತ್ತದೆ, ಮತ್ತು ಸಾಧ್ಯವಿರುವ ಕಡೆ ಅದೇ ಲೇಸು. ಗ್ಲೋಬಲಿನ ಘೋಷಣೆಯ ಸಾಲಿನಲ್ಲಿ ಒಂದು ಫಂಕ್ಷನ್ನನ್ನು ಕರೆದರೆ ಡಿ ಕಂಪೈಲರ್ ಆ ಫಂಕ್ಷನ್ನನ್ನು ಕಂಪೈಲ್ ಹೊತ್ತಿನಲ್ಲೇ ನಡೆಸಿ ಉತ್ತರವನ್ನು ಪ್ರೋಗ್ರಾಮಿನೊಳಗೆ ಬರೆದುಬಿಡುತ್ತದೆ.

ನಮ್ಮ ಲಿಪಿಯನ್ನೇ ಉದಾಹರಣೆಯಾಗಿ ನೋಡೋಣ. ಯೂನಿಕೋಡಿನಲ್ಲಿ ಕನ್ನಡಕ್ಕೆ 3200ರಿಂದ 3327ರವರೆಗೆ 128 ಸಂಖ್ಯೆಗಳನ್ನು ಮೀಸಲಿಡಲಾಗಿದೆ. ‘ಅ’ 3205ರಲ್ಲಿದೆ, ‘ಕ’ 3221ರಲ್ಲಿ, ‘ಹ’ 3257ರಲ್ಲಿ, ಅರ್ಧಾಕ್ಷರ ಮಾಡುವ ಹಲಂತ 3277ರಲ್ಲಿ, ಕನ್ನಡ ಅಂಕಿಗಳು 3302ರಿಂದ 3311ರವರೆಗೆ. ಯಾವ ಸಂಖ್ಯೆ ಸ್ವರ, ಯಾವುದು ವ್ಯಂಜನ, ಯಾವುದು ಕಾಗುಣಿತದ ಚಿಹ್ನೆ ಎಂದು ಹೇಳುವ 128 ಮನೆಗಳ ಪಟ್ಟಿಯೊಂದು ಬೇಕು ಎಂದಿಟ್ಟುಕೊಳ್ಳಿ. ಇದನ್ನು ಲೆಕ್ಕ ಹಾಕಲು ಹೊರಗಿನ ಮಾಹಿತಿ ಏನೂ ಬೇಕಿಲ್ಲ. ಅಕ್ಷರದ ಸಂಖ್ಯೆಯಿಂದ 3200 ಕಳೆದು ಸಂಬಂಧಪಟ್ಟ ಮನೆಗೆ ವರ್ಗವನ್ನು ಬರೆಯುವ ಒಂದು ಫಂಕ್ಷನ್, ಅದನ್ನು ಕರೆಯುವ ಒಂದು ಸ್ಟ್ಯಾಟಿಕ್ ಇಮ್ಯೂಟಬಲ್ ಘೋಷಣೆ, ಇಷ್ಟಕ್ಕೇ ಕೆಲಸ ಮುಗಿಯಿತು. ಕನ್‌ಸ್ಟ್ರಕ್ಟರಿನ ಅಗತ್ಯವಿಲ್ಲ.

ಇದಕ್ಕೆ ಮಿತಿಗಳೂ ಇವೆ. ಕಂಪೈಲ್ ಹೊತ್ತಿನಲ್ಲಿ ಫಂಕ್ಷನ್ ಮಾಮೂಲಿನಂತೆ ಫೈಲ್ ತೆರೆಯಲಾರದು, ಗಡಿಯಾರ ನೋಡಲಾರದು, ಬಳಕೆದಾರರನ್ನು ಕೇಳಲಾರದು. ಇಂಪೋರ್ಟ್ ಎಂಬ ವಿಶೇಷ ರೂಪದಿಂದ ಒಂದು ಫೈಲಿನ ಪಠ್ಯವನ್ನು ಒಳಗೆ ತರಬಹುದು, ಆದರೆ ಕಂಪೈಲರಿಗೆ ‘ಜೆ’ ಸ್ವಿಚ್ಚಿನ ಮೂಲಕ ಫೋಲ್ಡರ್ ತೋರಿಸಬೇಕು, ಫೈಲು ಬದಲಾದಾಗಲೆಲ್ಲ ಮತ್ತೆ ಕಂಪೈಲ್ ಮಾಡಬೇಕು. ಜೊತೆಗೆ, ಲಕ್ಷಗಟ್ಟಲೆ ಮನೆಗಳ ಲೆಕ್ಕವನ್ನು ಹೀಗೆ ಮಾಡಿಸಿದರೆ ಕಂಪೈಲರ್ ಏದುಸಿರು ಬಿಡುತ್ತದೆ, ಮೆಮೊರಿಯನ್ನೂ ಬಹಳ ತಿನ್ನುತ್ತದೆ.

ದರದ ಪಟ್ಟಿ ಫೈಲಿನಲ್ಲಿದೆ. ಅದನ್ನು ಓದಿ ಗ್ಲೋಬಲ್‌ಗೆ ಹಾಕುವ ಸರಿಯಾದ ಜಾಗ ಯಾವುದು?

ಶೇರ್ಡ್ ಸ್ಟ್ಯಾಟಿಕ್ ದಿಸ್ ಎಂಬ ಮಾಡ್ಯೂಲ್ ಕನ್‌ಸ್ಟ್ರಕ್ಟರ್. ಮಾಡ್ಯೂಲಿನ ಮೇಲ್ಭಾಗದಲ್ಲಿ ಬೆಲೆ ಕೊಡದೆ ಇಮ್ಯೂಟಬಲ್ ಅರೇಯನ್ನು ಘೋಷಿಸಿ. ಅದೇ ಮಾಡ್ಯೂಲಿನಲ್ಲಿ ಶೇರ್ಡ್ ಸ್ಟ್ಯಾಟಿಕ್ ದಿಸ್ ಬರೆದು, ಅದರೊಳಗೆ ಫೈಲ್ ಓದಿ, ಪೂರ್ತಿ ಸಿದ್ಧವಾದ ಅರೇಯನ್ನು ಒಂದೇ ಸಲ ಗ್ಲೋಬಲ್‌ಗೆ ಕೊಡಿ. ಬೇರೆ ಯಾವ ಫಂಕ್ಷನ್ನಿನಲ್ಲಿ ಆ ಸಾಲನ್ನು ಬರೆದರೂ, ಕೊನೆಗೆ ಮೇನ್‌ನಲ್ಲಿ ಬರೆದರೂ, ಕಂಪೈಲರ್ ಒಪ್ಪುವುದಿಲ್ಲ. ಈ ನಿರ್ಬಂಧ ನನಗೆ ಬಹಳ ಇಷ್ಟ: ಪಟ್ಟಿ ಎಲ್ಲಿ ಹುಟ್ಟಿತು ಎಂದು ಹುಡುಕಲು ಒಂದೇ ಜಾಗ ನೋಡಿದರೆ ಸಾಕು.

ಕನ್‌ಸ್ಟ್ರಕ್ಟರ್ ಒಳಗನ ಬರದೀನಿ, ಆದ್ರೂ ‘ಇಮ್ಯೂಟಬಲ್ ಬದಲಿಸಾಕ ಬರಂಗಿಲ್ಲ’ ಅಂತ ಎರರ್ ಬರಾಕತ್ತೈತಿ. ಯಾಕ್ರಿ?

ಈ ಪ್ರಶ್ನೆ ಬಾರದ ವಾರವಿಲ್ಲ. ಕಳೆದ ಸಲ ಕೇಳಿದ ವಿದ್ಯಾರ್ಥಿನಿಯ ಪರದೆಯಲ್ಲಿ ಇದ್ದದ್ದು ಇಷ್ಟು: ಮೊದಲ ಸಾಲಿನಲ್ಲಿ ಗ್ಲೋಬಲ್‌ಗೆ ಹೊಸ ಖಾಲಿ ಅರೇ ಕೊಟ್ಟಿದ್ದಳು, ಮುಂದಿನ ಫಾರ್ ಲೂಪಿನಲ್ಲಿ ಒಂದೊಂದೇ ಮನೆಗೆ ಬೆಲೆ ಹಾಕುತ್ತಿದ್ದಳು. ಎರರ್ ಬರುತ್ತಿದ್ದದ್ದು ಲೂಪಿನೊಳಗಿನ ಸಾಲಿಗೆ. ಕನ್‌ಸ್ಟ್ರಕ್ಟರ್ ನಿಮಗೆ ಅನುಮತಿ ಕೊಡುವುದು ಗ್ಲೋಬಲಿನ ಸ್ಲೈಸಿಗೆ ಮೊದಲ ಬೆಲೆ ಕೊಡಲು. ಆ ಸ್ಲೈಸ್ ತೋರಿಸುತ್ತಿರುವ ಮನೆಗಳ ಟೈಪೇ ಇಮ್ಯೂಟಬಲ್ ಇಂಟ್ ಆಗಿರುವುದರಿಂದ ಅವುಗಳೊಳಗೆ ಬರೆಯಲು ಕನ್‌ಸ್ಟ್ರಕ್ಟರಿಗೂ ಅನುಮತಿಯಿಲ್ಲ.

ಹಾಗಾಗಿ ಮೊದಲು ಒಂದು ಸಾಧಾರಣ, ಬದಲಾಗುವ ಲೋಕಲ್ ಅರೇಯನ್ನು ಮಾಡಿಕೊಳ್ಳಿ. ಅದರಲ್ಲಿ ತುಂಬುವುದು, ತಿದ್ದುವುದು, ಸಾರ್ಟ್ ಮಾಡುವುದು ಎಲ್ಲ ಮುಗಿಯಲಿ. ಮುಗಿದ ಮೇಲೆ ಅದನ್ನು ಇಮ್ಯೂಟಬಲ್ ಆಗಿ ಪರಿವರ್ತಿಸಿ ಗ್ಲೋಬಲ್‌ಗೆ ಕೊಡಿ. ಪರಿವರ್ತಿಸಲು ಮೂರು ದಾರಿಗಳಿವೆ. ಐಡಪ್ ಎಂಬುದು ಅರೇಯ ಇಮ್ಯೂಟಬಲ್ ನಕಲನ್ನು ಮಾಡಿಕೊಡುತ್ತದೆ. ಒಂದು ಸಲದ ನಕಲಿನ ಖರ್ಚು ಬಿಟ್ಟರೆ ಯಾವ ಅಪಾಯವೂ ಇಲ್ಲ. ಅಸ್ಯೂಮ್‌ಯುನೀಕ್ ನಕಲು ಮಾಡದೆ ಅದೇ ಮೆಮೊರಿಯನ್ನು ಇಮ್ಯೂಟಬಲ್ ಎಂದು ಕರೆಯುತ್ತದೆ. ಮೂರನೆಯದು ನನ್ನ ಮೆಚ್ಚಿನ ದಾರಿ: ಅರೇಯನ್ನು ಕಟ್ಟುವ ಕೆಲಸವನ್ನು ಪ್ಯೂರ್ ಫಂಕ್ಷನ್ನಿಗೆ ಒಪ್ಪಿಸುವುದು. ಪ್ಯೂರ್ ಫಂಕ್ಷನ್ ಹೊರಗಿನ ಬದಲಾಗುವ ಸ್ಥಿತಿಯನ್ನು ಮುಟ್ಟುವುದಿಲ್ಲ. ಅದರ ಪ್ಯಾರಾಮೀಟರುಗಳೂ ಬದಲಾಗದವಾಗಿದ್ದರೆ, ಹಿಂದಿರುಗಿಸಿದ ಅರೇಗೆ ಬೇರೆ ಯಾರ ಬಳಿಯೂ ಹಿಡಿಕೆ ಇರಲು ಸಾಧ್ಯವಿಲ್ಲ ಎಂದು ಕಂಪೈಲರಿಗೇ ತಿಳಿಯುತ್ತದೆ, ನಕಲೂ ಇಲ್ಲದೆ ತಾನಾಗಿಯೇ ಇಮ್ಯೂಟಬಲ್‌ಗೆ ಪರಿವರ್ತಿಸುತ್ತದೆ. ಫೈಲ್ ಓದುವುದು ಪ್ಯೂರ್ ಕೆಲಸವಲ್ಲವಾದ್ದರಿಂದ ಓದುವುದನ್ನು ಕನ್‌ಸ್ಟ್ರಕ್ಟರಿನಲ್ಲೇ ಇಟ್ಟು, ಬಂದ ಪಠ್ಯವನ್ನು ಸ್ಟ್ರಿಂಗ್ ಆಗಿ ಪ್ಯೂರ್ ಫಂಕ್ಷನ್ನಿಗೆ ಕೊಡಿ. ಡಿ ಭಾಷೆಯ ಸ್ಟ್ರಿಂಗ್ ಎಂದರೆ ಇಮ್ಯೂಟಬಲ್ ಅಕ್ಷರಗಳ ಅರೇಯೇ ಆಗಿರುವುದರಿಂದ ಷರತ್ತು ಪೂರೈಸುತ್ತದೆ.

ಮನೆಗಳ ಸಂಖ್ಯೆ ಟೈಪಿನಲ್ಲೇ ನಿಗದಿಯಾಗಿರುವ ಸ್ಟ್ಯಾಟಿಕ್ ಅರೇಗೆ ಈ ತೊಡಕೇ ಇಲ್ಲ. ಅದು ಪಾಯಿಂಟರ್ ಅಲ್ಲ, ಬೆಲೆಯೇ. ಸಂಖ್ಯೆಗಳ ಲೋಕಲ್ ಸ್ಟ್ಯಾಟಿಕ್ ಅರೇಯನ್ನು ತುಂಬಿ ಇಡಿಯಾಗಿ ಗ್ಲೋಬಲ್‌ಗೆ ಕೊಟ್ಟರೆ ಮನೆಗಳೆಲ್ಲ ನಕಲಾಗಿ ಹೋಗುತ್ತವೆ.

ಅಸ್ಯೂಮ್‌ಯುನೀಕ್ ಬಳಸಿದರೆ ಕಂಪೈಲರ್ ಪರೀಕ್ಷಿಸಿ ಕೊಡುತ್ತದೆಯೇ?

ಇಲ್ಲ. ಹೆಸರೇ ಹೇಳುವಂತೆ ಅದು ನಿಮ್ಮ ಮಾತನ್ನು ನಂಬಿಕೊಳ್ಳುತ್ತದೆ. ನೀವು ಕೊಟ್ಟ ವೇರಿಯೇಬಲನ್ನು ನಲ್ (ಖಾಲಿ) ಮಾಡುತ್ತದೆ ನಿಜ, ಆದರೆ ಅದೇ ಅರೇಯ ಇನ್ನೊಂದು ಸ್ಲೈಸನ್ನು ನೀವು ಮೊದಲೇ ಬೇರೆ ಹೆಸರಿನಲ್ಲಿ ಇಟ್ಟುಕೊಂಡಿದ್ದರೆ ಅದು ಹಾಗೆಯೇ ಉಳಿಯುತ್ತದೆ, ಅದರ ಮೂಲಕ ಬರೆದರೆ ‘ಬದಲಾಗದ’ ಪಟ್ಟಿ ಬದಲಾಗುತ್ತದೆ. ಅರೇ ದೊಡ್ಡದಾಗಿ ನಕಲು ನಿಜಕ್ಕೂ ಭಾರವಾಗುವ ಕಡೆ ಮಾತ್ರ ಇದನ್ನು ಬಳಸಿ. ಹಮಾಲಿ ದರದಂಥ ಪುಟ್ಟ ಪಟ್ಟಿಗೆ ಐಡಪ್ ಸಾಕು.

ಇನಮ್ ಎಂದು ಬರೆದರೂ ಬದಲಾಗದ ಅರೇ ಸಿಗುತ್ತದಲ್ಲವೇ?

ಸಿಗುತ್ತದೆ, ಆದರೆ ಅದು ಒಂದು ಅರೇ ಅಲ್ಲ. ಇನಮ್ ಎಂಬುದು ಬೆಲೆಗೆ ಇಟ್ಟ ಹೆಸರು ಮಾತ್ರ. ಡೈನಾಮಿಕ್ ಅರೇಯನ್ನು ಇನಮ್ ಮಾಡಿ ಲೂಪಿನೊಳಗೆ ಬಳಸಿದರೆ ಪ್ರತಿ ಸಲವೂ ಹೊಸ ಅರೇ ಸೃಷ್ಟಿಯಾಗಬಹುದು. ರನ್‌ಟೈಮಿನಲ್ಲಿ ಅದನ್ನು ತುಂಬಲಂತೂ ಆಗದು. ಪಟ್ಟಿಗಳಿಗೆ ಸ್ಟ್ಯಾಟಿಕ್ ಇಮ್ಯೂಟಬಲ್ ಎಂದೇ ಬರೆಯಿರಿ.

ಊರಿನ ಹೆಸರಿನಿಂದ ದರ ಹುಡುಕುವ ಅಸೋಸಿಯೇಟಿವ್ ಅರೇಗೂ ಇದೇ ಕ್ರಮವೇ?

ಇದೇ ಕ್ರಮ. ಲೋಕಲ್ ಆಗಿ ಕಟ್ಟಿ, ಬೇಕಿದ್ದರೆ ರೀಹ್ಯಾಶ್ ಮಾಡಿ (ಹುಡುಕಲು ಸುಲಭವಾಗುವಂತೆ ಒಳಗಿನ ಜೋಡಣೆ ಸರಿಪಡಿಸಿ), ಅಸ್ಯೂಮ್‌ಯುನೀಕ್ ಮೂಲಕ ಗ್ಲೋಬಲ್‌ಗೆ ಕೊಡಿ. ಐಡಪ್ ಇವುಗಳಿಗೆ ಅನ್ವಯಿಸುವುದಿಲ್ಲ. ಘೋಷಣೆಯ ಸಾಲಿನಲ್ಲೇ ಬೆಲೆ ಕೊಡುವುದನ್ನು ಹಳೆಯ ಕಂಪೈಲರುಗಳು ಒಪ್ಪುತ್ತಿರಲಿಲ್ಲವಾದ್ದರಿಂದ ಹಳೆಯ ಕೋಡಿನಲ್ಲಿ ಎಲ್ಲೆಡೆ ಕನ್‌ಸ್ಟ್ರಕ್ಟರೇ ಕಾಣುತ್ತದೆ.

## ಥ್ರೆಡ್ಡು, ಮಾಡ್ಯೂಲು ಮತ್ತು ಉಳಿದ ತೊಡಕುಗಳು

ಬರೇ ಸ್ಟ್ಯಾಟಿಕ್ ದಿಸ್ ಬರದ್ರ ಏನಾಗ್ತೈತ್ರಿ? ಶೇರ್ಡ್ ಯಾಕ ಬೇಕು?

ಶೇರ್ಡ್ ಇರುವ ಕನ್‌ಸ್ಟ್ರಕ್ಟರ್ ಇಡೀ ಪ್ರೋಗ್ರಾಮಿಗೆ ಒಂದೇ ಸಲ ನಡೆಯುತ್ತದೆ. ಶೇರ್ಡ್ ಇಲ್ಲದ್ದು ಪ್ರತಿ ಥ್ರೆಡ್ ಹುಟ್ಟಿದಾಗಲೂ ನಡೆಯುತ್ತದೆ. ಇಮ್ಯೂಟಬಲ್ ಗ್ಲೋಬಲ್ ಎಲ್ಲ ಥ್ರೆಡ್ಡುಗಳಿಗೂ ಸೇರಿ ಒಂದೇ ಇರುವುದರಿಂದ, ಪ್ರತಿ ಹೊಸ ಥ್ರೆಡ್ ಬಂದಾಗ ಅದನ್ನು ಮತ್ತೆ ಬರೆದರೆ ಬದಲಾಗದಿರುವಿಕೆಯ ಮಾತೇ ಸುಳ್ಳಾಗುತ್ತದೆ. ಹೊಸ ಕಂಪೈಲರುಗಳು ಇದನ್ನು ಆಕ್ಷೇಪಿಸುತ್ತವೆ.

ಮೇನ್ ಥ್ರೆಡ್ಡಿನಲ್ಲಿ ಪಟ್ಟಿ ಸರಿಯಾಗಿ ಕಾಣುತ್ತದೆ, ಇನ್ನೊಂದು ಥ್ರೆಡ್ಡಿನಲ್ಲಿ ಖಾಲಿ. ಏನು ತಪ್ಪಾಗಿದೆ?

ಮೇಲೆ ಹೇಳಿದ ಕಂಸದ ಕುಣಿ ಇದೇ. ಡಿ ಭಾಷೆಯಲ್ಲಿ ಬದಲಾಗಬಲ್ಲ ಗ್ಲೋಬಲ್ ಸಹಜವಾಗಿ ಪ್ರತಿ ಥ್ರೆಡ್ಡಿಗೂ ಬೇರೆ ಬೇರೆಯಾಗಿರುತ್ತದೆ. ಕಂಸದೊಳಗೆ ಇಂಟ್ ಮಾತ್ರ ಇಟ್ಟಾಗ ಸ್ಲೈಸ್ ಬದಲಾಗಬಲ್ಲದ್ದಾಗಿ ಉಳಿಯಿತು. ಹಾಗಾಗಿ ಪ್ರತಿ ಥ್ರೆಡ್ಡಿಗೂ ಒಂದೊಂದು ಸ್ಲೈಸ್. ಶೇರ್ಡ್ ಸ್ಟ್ಯಾಟಿಕ್ ದಿಸ್ ಒಂದೇ ಸಲ, ಮೇನ್ ಥ್ರೆಡ್ಡಿನಲ್ಲಿ ನಡೆದು ಆ ಥ್ರೆಡ್ಡಿನ ಸ್ಲೈಸಿಗೆ ಮಾತ್ರ ಬೆಲೆ ಕೊಟ್ಟಿತು. ಉಳಿದವು ಖಾಲಿ. ಸ್ಟ್ರಿಂಗ್ ಟೈಪಿನ ಗ್ಲೋಬಲ್‌ಗೂ ಇದೇ ಗತಿ, ಏಕೆಂದರೆ ಅದರಲ್ಲೂ ಬೀಗ ಇರುವುದು ಅಕ್ಷರಗಳಿಗೆ ಮಾತ್ರ. ಘೋಷಣೆಯನ್ನು ಪೂರ್ತಿ ಇಮ್ಯೂಟಬಲ್ ಮಾಡಿದರೆ ತೊಂದರೆ ಹೋಗುತ್ತದೆ. ಒಂದೇ ಥ್ರೆಡ್ ಇರುವವರೆಗೆ ಈ ತಪ್ಪು ಸುಳಿವೇ ಕೊಡದಿರುವುದರಿಂದ ಮೊದಲೇ ಘೋಷಣೆಯನ್ನು ನೋಡಿಕೊಳ್ಳಿ.

ಹಲವು ಥ್ರೆಡ್ಡುಗಳು ಒಟ್ಟಿಗೆ ಓದುವಾಗ ಲಾಕ್ (ಒಮ್ಮೆಗೆ ಒಂದು ಥ್ರೆಡ್ಡನ್ನು ಮಾತ್ರ ಬಿಡುವ ಬೀಗ) ಹಾಕಬೇಕೇ?

ಬೇಡ. ಬರೆಯುವವರು ಇಲ್ಲದ ಕಡೆ ಓದುವವರ ನಡುವೆ ತಕರಾರು ಹುಟ್ಟುವುದಿಲ್ಲ. ಕನ್‌ಸ್ಟ್ರಕ್ಟರಿನೊಳಗಿನಿಂದಲೇ ಹೊಸ ಥ್ರೆಡ್ ಎಬ್ಬಿಸಬೇಡಿ, ಅಷ್ಟೇ.

ಪ್ರೋಗ್ರಾಮ್ ಕಂಪೈಲ್ ಆಗುತ್ತದೆ, ಆದರೆ ನಡೆಸಿದ ಕೂಡಲೇ ಮಾಡ್ಯೂಲುಗಳ ಚಕ್ರ ಎಂದು ದೂರಿ ನಿಲ್ಲುತ್ತದೆ. ಬಿಡಿಸುವುದು ಹೇಗೆ?

ಒಂದು ಮಾಡ್ಯೂಲ್ ಇನ್ನೊಂದನ್ನು ಇಂಪೋರ್ಟ್ ಮಾಡಿಕೊಂಡಿದ್ದರೆ, ಇಂಪೋರ್ಟ್ ಆದದ್ದರ ಕನ್‌ಸ್ಟ್ರಕ್ಟರ್ ಮೊದಲು ನಡೆಯುತ್ತದೆ. ಒಂದೇ ಮಾಡ್ಯೂಲಿನೊಳಗೆ ಬರೆದ ಕ್ರಮದಲ್ಲಿ ನಡೆಯುತ್ತವೆ. ದರದ ಮಾಡ್ಯೂಲ್ ಬಿಲ್ಲಿನ ಮಾಡ್ಯೂಲನ್ನೂ, ಬಿಲ್ಲಿನದು ದರದ್ದನ್ನೂ ಇಂಪೋರ್ಟ್ ಮಾಡಿಕೊಂಡು, ಎರಡರಲ್ಲೂ ಕನ್‌ಸ್ಟ್ರಕ್ಟರ್ ಇದ್ದರೆ ಯಾವುದು ಮೊದಲು ಎಂದು ನಿರ್ಧರಿಸಲು ದಾರಿಯಿಲ್ಲ. ಆಗ ಪ್ರೋಗ್ರಾಮ್ ಮೇನ್‌ಗೆ ಹೋಗುವ ಮುಂಚೆಯೇ ನಿಲ್ಲುತ್ತದೆ. ಅಂದಾಜಿನ ಮೇಲೆ ನಡೆದು ಖಾಲಿ ಪಟ್ಟಿ ತೋರಿಸುವುದಕ್ಕಿಂತ ಹೀಗೆ ನಿಲ್ಲುವುದು ಎಷ್ಟೋ ಮೇಲು. ಪಟ್ಟಿಯನ್ನೂ ಅದರ ಕನ್‌ಸ್ಟ್ರಕ್ಟರನ್ನೂ ಪ್ರೋಗ್ರಾಮಿನ ಬೇರೆ ಯಾವ ಮಾಡ್ಯೂಲನ್ನೂ ಇಂಪೋರ್ಟ್ ಮಾಡದ ಒಂದು ಪುಟ್ಟ ಮಾಡ್ಯೂಲಿಗೆ ಎತ್ತಿಡಿ. ಚಕ್ರ ತಾನೇ ಬಿಚ್ಚಿಕೊಳ್ಳುತ್ತದೆ.

ನನ್ನ ಲ್ಯಾಪ್‌ಟಾಪಿನ್ಯಾಗ ನಡೀತೈತಿ, ಅಂಗಡಿಯಾಗ ಐಕಾನ್ ಒತ್ತಿದ್ರ ಪ್ರೋಗ್ರಾಮ್ ತೆರೆಯಂಗೇ ಇಲ್ಲ. ಏನ್ ಮಾಡೂದು?

ಬಹುಪಾಲು ಇದು ಫೈಲ್ ಸಿಗದ ತೊಂದರೆ. ಕನ್‌ಸ್ಟ್ರಕ್ಟರಿನಿಂದ ಎಕ್ಸೆಪ್ಷನ್ (ನಡೆಯುವಾಗ ಎದುರಾದ ತಪ್ಪಿನ ಸಂಕೇತ) ಹೊರಬಿದ್ದರೆ ಮೇನ್ ನಡೆಯುವುದೇ ಇಲ್ಲ, ಹಾಗಾಗಿ ಮೇನ್‌ನಲ್ಲಿ ನೀವು ಬರೆದಿಟ್ಟ ಟ್ರೈ-ಕ್ಯಾಚ್ ಅದನ್ನು ಹಿಡಿಯಲಾರದು. ನೀವು ಟರ್ಮಿನಲ್‌ನಲ್ಲಿ ಪ್ರೋಗ್ರಾಮಿನ ಫೋಲ್ಡರಿನೊಳಗೆ ನಿಂತು ನಡೆಸಿದ್ದೀರಿ. ಐಕಾನಿನಿಂದ ತೆರೆದಾಗ ಪ್ರಸ್ತುತ ಫೋಲ್ಡರ್ ಬೇರೆಯಾಗಿರುತ್ತದೆ, ಬರೀ ಫೈಲಿನ ಹೆಸರು ಕೊಟ್ಟರೆ ಅಲ್ಲಿ ಅದು ಸಿಗದು. ಎಸ್‌ಟಿಡಿ ಫೈಲ್ ಮಾಡ್ಯೂಲಿನ ದಿಸ್‌ಎಕ್ಸ್‌ಇಪಾತ್ ಎಂಬ ಫಂಕ್ಷನ್ ಪ್ರೋಗ್ರಾಮ್ ಇರುವ ಜಾಗವನ್ನು ಹೇಳುತ್ತದೆ. ಅಲ್ಲಿಂದ ದಾರಿ ಕಟ್ಟಿಕೊಳ್ಳಿ. ಜೊತೆಗೆ, ಕನ್‌ಸ್ಟ್ರಕ್ಟರಿನಲ್ಲೇ ಎಕ್ಸೆಪ್ಷನ್ ಹಿಡಿದು, ಯಾವ ಫೈಲನ್ನು ಎಲ್ಲಿ ಹುಡುಕಲಾಯಿತು ಎಂದು ಲಾಗ್ ಫೈಲಿಗೆ ಬರೆದು, ಮತ್ತೆ ಎಸೆಯಿರಿ. ಹಿಡಿದು ಸುಮ್ಮನಾಗಬೇಡಿ, ಹಾಗೆ ಮಾಡಿದರೆ ಖಾಲಿ ಪಟ್ಟಿಯೊಂದಿಗೆ ಅಂಗಡಿ ತೆರೆದಂತಾಗುತ್ತದೆ.

ಪಟ್ಟಿ ದೊಡ್ಡದು, ಅಪರೂಪಕ್ಕೆ ಬೇಕಾಗುತ್ತದೆ. ಬೇಕಾದಾಗ ಮಾತ್ರ ತುಂಬಬಹುದೇ?

ಎಸ್‌ಟಿಡಿ ಕನ್ಕರೆನ್ಸಿಯಲ್ಲಿರುವ ಇನಿಟ್‌ಒನ್ಸ್ ಇದಕ್ಕಾಗಿಯೇ ಇದೆ. ಎಷ್ಟು ಥ್ರೆಡ್ಡುಗಳು ಏಕಕಾಲಕ್ಕೆ ಕೇಳಿದರೂ ತುಂಬುವ ಕೆಲಸ ಒಂದೇ ಸಲ ನಡೆಯುವಂತೆ ಅದು ನೋಡಿಕೊಳ್ಳುತ್ತದೆ. ಇಲ್ಲಿ ಸ್ಲೈಸ್ ಬದಲಾಗಬಲ್ಲದ್ದಾಗಿಯೇ ಇರಬೇಕಾಗುತ್ತದೆ: ಕಂಸದೊಳಗೆ ಇಂಟ್ ಮಾತ್ರ ಇಟ್ಟು, ಎಲ್ಲ ಥ್ರೆಡ್ಡುಗಳಿಗೂ ಒಂದೇ ಆಗುವಂತೆ ಜಿಶೇರ್ಡ್ ಎಂದು ಘೋಷಿಸಿ. ಆ ಸ್ಲೈಸನ್ನು ಪ್ರೈವೇಟ್ ಮಾಡಿ, ಒಂದು ಫಂಕ್ಷನ್ನಿನ ಮೂಲಕ ಮಾತ್ರ ಹೊರಗೆ ಕೊಡಿ. ಪ್ರತಿ ಸಲ ಕೇಳಿದಾಗಲೂ ಒಂದು ಸಣ್ಣ ತಪಾಸಣೆಯ ಖರ್ಚು ಉಳಿಯುತ್ತದೆ. ಪಟ್ಟಿ ಹೇಗೂ ದಿನಾಲೂ ಬೇಕಾಗುವುದಾದರೆ ಕನ್‌ಸ್ಟ್ರಕ್ಟರೇ ಸರಳ.

ಕಾಸ್ಟ್ ಮಾಡಿ (ಟೈಪನ್ನು ಬಲವಂತವಾಗಿ ಬದಲಿಸಿ) ಒಂದು ಮನೆಯನ್ನು ಬದಲಿಸಿದೆ, ಬದಲಾಯಿತು! ಹಾಗಾದರೆ ಇಮ್ಯೂಟಬಲ್ ಎಂಬುದು ಹೆಸರಿಗೆ ಮಾತ್ರವೇ?

ಕನ್‌ಸ್ಟ್ರಕ್ಟರಿನಲ್ಲಿ ತುಂಬಿದ ಅರೇಯ ಮನೆಗಳು ಸಾಧಾರಣ ಹೀಪಿನಲ್ಲಿ (ಪ್ರೋಗ್ರಾಮ್ ನಡೆಯುವಾಗ ಪಡೆದುಕೊಳ್ಳುವ ಮೆಮೊರಿಯಲ್ಲಿ) ಇರುತ್ತವೆ, ಆದ್ದರಿಂದ ಬರೆದದ್ದು ಬರೆದಂತೆ ಕಂಡಿತು. ಕಂಪೈಲ್ ಹೊತ್ತಿನಲ್ಲಿ ಸಿದ್ಧವಾದ ಅರೇಯನ್ನು ಓದಲು ಮಾತ್ರ ಬರುವ ಮೆಮೊರಿಯಲ್ಲಿಡಲು ಕಂಪೈಲರಿಗೆ ಅವಕಾಶವಿದೆ. ಅಲ್ಲಿ ಇದೇ ಸಾಲು ಪ್ರೋಗ್ರಾಮನ್ನು ಉರುಳಿಸಬಹುದು. ಎರಡೂ ಕಡೆ ಭಾಷೆಯ ನಿಯಮದ ಪ್ರಕಾರ ಫಲಿತಾಂಶಕ್ಕೆ ಯಾವ ಖಾತ್ರಿಯೂ ಇಲ್ಲ, ಏಕೆಂದರೆ ಬೆಲೆ ಬದಲಾಗದು ಎಂದು ನಂಬಿ ಕಂಪೈಲರ್ ಹಳೆಯ ಬೆಲೆಯನ್ನೇ ರಿಜಿಸ್ಟರಿನಲ್ಲಿ ಇಟ್ಟುಕೊಂಡಿರಬಹುದು. ಈ ಕಾಸ್ಟ್ ಬೇಕೆನಿಸಿದರೆ ನಿಮಗೆ ಬೇಕಾದದ್ದು ಇಮ್ಯೂಟಬಲ್ ಅರೇ ಅಲ್ಲ.

ಜಾವಾ, ರಸ್ಟ್, ಸಿ++ ಬಳಸುವವರು ಇದನ್ನೇ ಹೇಗೆ ಮಾಡಬೇಕು?

ಜಾವಾದ ಸ್ಟ್ಯಾಟಿಕ್ ಫೈನಲ್ ಅರೇಯಲ್ಲಿ ಹಿಡಿಕೆಗೆ ಬೀಗವಿದೆ, ಮನೆಗಳಿಗಿಲ್ಲ. ಜಾವಾ 9ರಿಂದ ಬಂದ ಲಿಸ್ಟ್ ಡಾಟ್ ಆಫ್ ಮಾಡಿಕೊಡುವ ಪಟ್ಟಿಯನ್ನು ಬಳಸುವುದು ವಾಸಿ. ರಸ್ಟ್ ಭಾಷೆಯಲ್ಲಿ 2024ರ 1.80 ಆವೃತ್ತಿಯಿಂದ ಲೇಜಿಲಾಕ್ ಸ್ಟ್ಯಾಂಡರ್ಡ್ ಲೈಬ್ರರಿಯಲ್ಲೇ ಇದ್ದು, ಮೊದಲ ಬಳಕೆಯ ಹೊತ್ತಿಗೆ ತುಂಬುತ್ತದೆ. ಸಿ++ 11ರಿಂದ ಫಂಕ್ಷನ್ನಿನೊಳಗಿನ ಸ್ಟ್ಯಾಟಿಕ್ ಕಾನ್‌ಸ್ಟ್ ವೇರಿಯೇಬಲ್ ಥ್ರೆಡ್ಡುಗಳ ನಡುವೆಯೂ ಒಂದೇ ಸಲ ಸಿದ್ಧವಾಗುತ್ತದೆ; ಬೇರೆ ಬೇರೆ ಫೈಲುಗಳ ಗ್ಲೋಬಲ್‌ಗಳ ನಡುವೆ ಯಾವುದು ಮೊದಲು ಎಂಬ ಖಾತ್ರಿ ಆ ಭಾಷೆಯಲ್ಲಿ ಇಲ್ಲದ್ದರಿಂದ ಈ ದಾರಿಯೇ ಕ್ಷೇಮ.

ಯೂನಿಟ್ ಟೆಸ್ಟಿನಲ್ಲಿ ಬೇರೆ ದರಗಳನ್ನಿಟ್ಟು ಪರೀಕ್ಷಿಸಬೇಕು. ಗ್ಲೋಬಲ್ ಬದಲಾಗುವುದಿಲ್ಲವಲ್ಲ?

ಯೂನಿಟ್ ಟೆಸ್ಟುಗಳು ಮಾಡ್ಯೂಲ್ ಕನ್‌ಸ್ಟ್ರಕ್ಟರುಗಳ ನಂತರ, ಮೇನ್‌ಗಿಂತ ಮುಂಚೆ ನಡೆಯುತ್ತವೆ. ಹಾಗಾಗಿ ಪಟ್ಟಿ ಆಗಲೇ ಗಟ್ಟಿಯಾಗಿರುತ್ತದೆ. ಲೆಕ್ಕ ಮಾಡುವ ಫಂಕ್ಷನ್ ಗ್ಲೋಬಲನ್ನು ನೇರವಾಗಿ ನೋಡದೆ, ಕಾನ್‌ಸ್ಟ್ ಅರೇಯೊಂದನ್ನು ಪ್ಯಾರಾಮೀಟರ್ ಆಗಿ ಪಡೆಯಲಿ. ಅಂಗಡಿಯಲ್ಲಿ ಗ್ಲೋಬಲನ್ನು ಕೊಡಿ, ಟೆಸ್ಟಿನಲ್ಲಿ ಮೂರು ಮನೆಗಳ ಸ್ವಂತ ಅರೇಯನ್ನು ಕೊಡಿ.

ಮಧ್ಯಾಹ್ನ ದರ ಬದ್ಲಾದ್ರ ಏನ್ರಿ? ಪ್ರೋಗ್ರಾಮ್ ಬಂದ್ ಮಾಡದ ಹೊಸಾ ಪಟ್ಟಿ ತರಾಕ ಬರ್ತೈತೇನು?

ಹಾಗಿದ್ದರೆ ಆ ಪಟ್ಟಿ ಪ್ರೋಗ್ರಾಮಿನ ಆಯುಷ್ಯದುದ್ದಕ್ಕೂ ಬದಲಾಗದ್ದಲ್ಲ, ಅದನ್ನು ಇಮ್ಯೂಟಬಲ್ ಗ್ಲೋಬಲ್ ಮಾಡುವುದು ತಪ್ಪು. ಆದರೂ ಮನೆಗಳನ್ನು ಒಂದೊಂದಾಗಿ ತಿದ್ದಬೇಡಿ. ಹೊಸ ಫೈಲನ್ನು ಓದಿ ಪೂರ್ತಿ ಹೊಸದಾದ ಇಮ್ಯೂಟಬಲ್ ಅರೇಯನ್ನು ಕಟ್ಟಿ, ಈಗ ಚಾಲ್ತಿಯಲ್ಲಿರುವ ಪಟ್ಟಿ ಯಾವುದು ಎಂದು ತೋರಿಸುವ ಹಿಡಿಕೆಯನ್ನು ಮಾತ್ರ, ಲಾಕ್ ಹಾಕಿ, ಹೊಸದಕ್ಕೆ ತಿರುಗಿಸಿ. ಬಿಲ್ ಶುರುವಾಗುವಾಗ ಆ ಹಿಡಿಕೆಯನ್ನು ಒಮ್ಮೆ ತೆಗೆದುಕೊಂಡು, ಆ ಬಿಲ್ ಮುಗಿಯುವವರೆಗೂ ಅದನ್ನೇ ಬಳಸಿ. ಅರ್ಧ ಚೀಲಗಳಿಗೆ ಹಳೆಯ ದರ, ಇನ್ನರ್ಧಕ್ಕೆ ಹೊಸ ದರ ಬೀಳುವ ಚೀಟಿ ಆಗ ಹೊರಬರುವುದಿಲ್ಲ. ಬ್ಯಾಡಗಿಯ ಆ ಪ್ರೋಗ್ರಾಮನ್ನು ನಾನು ಕೊನೆಗೆ ತಿದ್ದಿ ಬರೆದದ್ದು ಹೀಗೆಯೇ. ದರ ಬದಲಾದ ಹೊತ್ತನ್ನೂ ಪಟ್ಟಿಯ ಜೊತೆಗೇ ಇಟ್ಟು ಚೀಟಿಯ ಕೆಳಗೆ ಅಚ್ಚಾಗುವಂತೆ ಮಾಡಿದೆ, ಏಕೆಂದರೆ ಹಮಾಲರ ಮುಖಂಡರು ಕೇಳಿದ್ದು ಅದೊಂದನ್ನೇ.